ಜನ ಹೆಚ್ಚಿರುವಲ್ಲಿಗೇ ಹೋಗಬೇಕೆಂದು ಯಾರು ಹೇಳಿದ್ದು?

ಪತ್ರ: ಮಾನ್ಯ ಸಂಪಾದಕರೇ, ನಮ್ಮದು ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ಮಾತಾಡುವ ಯಕ್ಷಗಾನ) ಪ್ರಿಯರ ಬಳಗ. ಏಳೆಂಟು ಮಂದಿ ಸೇರಿ ಒಂದು ದೊಡ್ಡ ಜಾಲತಾಣದಲ್ಲಿ ಶುರು ಮಾಡಿದ್ದು ಈಗ ಮುಂಬೈ, ದುಬೈವರೆಗೆ ಹಬ್ಬಿ ಎರಡು ಸಾವಿರ ದಾಟಿದೆ. ಅಲ್ಲಿಯ ಜಾಹೀರಾತು, ಜಗಳ ಎಲ್ಲ ಸಾಕಾಗಿದೆ. ಒಬ್ಬನೇ ಧಣಿಯ ಕೈಯಲ್ಲಿಲ್ಲದ ವಿಕೇಂದ್ರಿತ ಜಾಲ ಯಾವುದಾದರೂ ಹಿಡಿಯೋಣವೆಂದಿದ್ದೇವೆ. ಹುಡುಗರೆಲ್ಲ ಬ್ಲೂಸ್ಕೈ ಎನ್ನುತ್ತಾರೆ. ಮಣಿಪಾಲದಲ್ಲಿ ಓದುವ ಒಬ್ಬ ಮಾತ್ರ ಮಾಸ್ಟೊಡಾನ್ ಸಾಕು, ನಮ್ಮದೇ ಸರ್ವರ್ (ಜಾಲ ನಡೆಸುವ ಕಂಪ್ಯೂಟರ್) ಇಡೋಣ ಎಂದು ಹಟ ಹಿಡಿದಿದ್ದಾನೆ. ಬಳಗ ಬೆಳೆಯುತ್ತಿರುವಾಗ ಜನ ಹೆಚ್ಚಿರುವಲ್ಲಿಗೇ ಹೋಗುವುದು ಜಾಣತನವಲ್ಲವೇ? – ಕಾರ್ಕಳದ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆ ಓದಿ ನನಗೆ ಸ್ವಲ್ಪ ಸಿಟ್ಟೇ ಬಂತು. ಬೇರೆ ಯಾರಾದರೂ ಕೇಳಿದ್ದರೆ ಬಿಟ್ಟುಬಿಡುತ್ತಿದ್ದೆ. ತಾಳಮದ್ದಳೆಯವರು ಕೇಳುವ ಪ್ರಶ್ನೆಯಾ ಇದು ಮಾರಾಯ್ರೇ? ಜನ ಇರುವಲ್ಲಿಗೆ ಹೋಗುವುದೇ ಜಾಣತನವಾದರೆ, ಆಟಿ ತಿಂಗಳ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಹೋಗಿ ಯಾವುದೋ ದೇವಸ್ಥಾನದ ಚಂದ್ರಶಾಲೆಯಲ್ಲಿ ಮೂವತ್ತು ಜನರ ನಡುವೆ ಕೂತು ‘ಕೃಷ್ಣ ಸಂಧಾನ’ ಕೇಳುವ ನಿಮ್ಮಂಥವರಿಗೆ ಏನು ಹೇಳುವುದು? ಆದರೆ ಎರಡು ಸಾವಿರ ಜನ ಕೂಡಿದ ಮೇಲೂ ‘ಇಲ್ಲಿಂದ ಹೊರಡೋಣ’ ಎನ್ನುವ ಧೈರ್ಯ ಎಲ್ಲ ಬಳಗಗಳಿಗೂ ಇರುವುದಿಲ್ಲ. ಆ ಧೈರ್ಯಕ್ಕಾಗಿಯೇ ನಿಮ್ಮ ಪತ್ರವನ್ನು ಈ ಸಲ ಆರಿಸಿಕೊಂಡೆ.

ಮೊದಲು ನಿಮ್ಮ ಹುಡುಗರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಬ್ಲೂಸ್ಕೈ ಸುಲಭ, ಎರಡು ಮಾತಿಲ್ಲ. ಯಾವ ಸರ್ವರ್ ಎಂದು ತಲೆ ಕೆಡಿಸಿಕೊಳ್ಳದೆ ಐದು ನಿಮಿಷದಲ್ಲಿ ಖಾತೆ ತೆರೆಯಬಹುದು. 2024ರ ಫೆಬ್ರವರಿಯವರೆಗೆ ಆಹ್ವಾನ ಸಿಕ್ಕವರಿಗೆ ಮಾತ್ರ ಒಳಗೆ ಪ್ರವೇಶ ಇತ್ತು. ಅದೇ ನವೆಂಬರ್‌ನಲ್ಲಿ ಖಾತೆಗಳು ಎರಡು ಕೋಟಿ ದಾಟಿದವು. ನಿಮಗೊಂದು ಡೊಮೇನ್ (ಜಾಲತಾಣದ ವಿಳಾಸ) ಇದ್ದರೆ ಅದನ್ನೇ ಅಲ್ಲಿ ಹೆಸರಾಗಿ ಇಟ್ಟುಕೊಳ್ಳಬಹುದು. ಏನೇನು ಕಾಣಬೇಕೆಂಬ ಫೀಡನ್ನು ಬಳಸುವವರೇ ಕಟ್ಟಿಕೊಳ್ಳಬಹುದು. ಬರೆದದ್ದೆಲ್ಲವನ್ನೂ ಹೊತ್ತುಕೊಂಡು ಬೇರೆ ಕಡೆಗೆ ಹೋಗುವ ದಾರಿಯನ್ನೂ ಇಟ್ಟಿದ್ದಾರೆ. ಮಾಸ್ಟೊಡಾನ್‌ನಲ್ಲಿ ಸರ್ವರ್ ಬದಲಿಸಿದರೆ ಅನುಯಾಯಿಗಳು ಬರುತ್ತಾರೆ, ಹಳೆಯ ಪೋಸ್ಟುಗಳು ಬರುವುದಿಲ್ಲ. ಇಷ್ಟನ್ನು ಒಪ್ಪಿದ್ದೇನೆಂದು ಹುಡುಗರಿಗೆ ಹೇಳಿ.

ಇನ್ನು ನನ್ನ ಮಾತು. ಬ್ಲೂಸ್ಕೈ ಹುಟ್ಟಿದ್ದು ಟ್ವಿಟರ್‌ನ ಹೊಟ್ಟೆಯಲ್ಲೇ. 2019ರಲ್ಲಿ ಟ್ವಿಟರ್‌ನ ಅಂದಿನ ಮುಖ್ಯಸ್ಥ ಜ್ಯಾಕ್ ಡಾರ್ಸಿ ಅದನ್ನು ಘೋಷಿಸಿದ್ದು. ಆಮೇಲೆ ಬೇರೆ ಕಂಪನಿಯಾಯಿತು. ಲಾಭದ ಜೊತೆಗೆ ಜನಹಿತವನ್ನೂ ನೋಡುತ್ತೇವೆಂದು ಬರೆದುಕೊಟ್ಟ ಕಂಪನಿಯೇ ಹೌದು. ಆದರೆ 2024ರ ಅಕ್ಟೋಬರ್‌ನಲ್ಲಿ ಹೂಡಿಕೆದಾರರಿಂದ ಒಂದೂವರೆ ಕೋಟಿ ಡಾಲರ್ ತೆಗೆದುಕೊಂಡಿದೆ, ಅವರು ಅದನ್ನು ಅನ್ನಸಂತರ್ಪಣೆಗೆ ಕೊಟ್ಟದ್ದಲ್ಲ. ಸ್ವಂತ ಸರ್ವರ್ ಇಡಲು ಅವಕಾಶ ಉಂಟು, ಕೆಲವರು ಇಟ್ಟಿದ್ದಾರೆ ಕೂಡ. ಆದರೂ ಬಹುಪಾಲು ಖಾತೆಗಳು ಇರುವುದು ಕಂಪನಿಯ ಯಂತ್ರಗಳ ಮೇಲೆಯೇ. 2025ರ ಏಪ್ರಿಲ್‌ನಲ್ಲಿ ಒಮ್ಮೆ ಆ ಯಂತ್ರಗಳು ಕೈಕೊಟ್ಟಾಗ ಬ್ಲೂಸ್ಕೈಯವರಲ್ಲಿ ಬಹಳಷ್ಟು ಮಂದಿ ಕೆಲಹೊತ್ತು ಬಾಯಿ ಮುಚ್ಚಿ ಕೂರಬೇಕಾಯಿತು. ವಿಕೇಂದ್ರಿತವೆಂದು ಹೆಸರಿಟ್ಟದ್ದು ಒಟ್ಟಿಗೇ ಬೀಳುವುದು ಹೇಗೆ ಎಂದು ಮಾಸ್ಟೊಡಾನ್‌ನವರು ಕೀಟಲೆ ಮಾಡಿದರು. ಮಾಡಲಿಕ್ಕೆ ಅವರಿಗೆ ಹಕ್ಕಿತ್ತು.

ಒಂದೇ ಕಂಪನಿಯನ್ನು ನೆಚ್ಚಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನಲ್ಲಿ 2020ರಲ್ಲಿ ಶುರುವಾದ ‘ಕೂ’ ಜಾಲತಾಣ ನೆನಪಿದೆಯಲ್ಲ? ಹಳದಿ ಹಕ್ಕಿ, ಕನ್ನಡದಲ್ಲಿ ಬರೆಯಿರಿ ಎಂಬ ಆದರದ ಕರೆ. ಮಂತ್ರಿಗಳು ಬಂದರು, ಸಿನಿಮಾದವರು ಬಂದರು, ನಮ್ಮ ಕವಿಗಳೂ ಬಂದು ದಿನಕ್ಕೊಂದು ಚುಟುಕ ಬರೆದರು. ಕೈಬದಲಾಯಿಸುವ ಮಾತುಕತೆಗಳು ಮುರಿದುಬಿದ್ದು 2024ರ ಜುಲೈಯಲ್ಲಿ ಬಾಗಿಲು ಹಾಕಿತು. ಮಾಲೀಕರನ್ನು ನಾನು ದೂರುವುದಿಲ್ಲ. ದುಡ್ಡು ಮುಗಿದರೆ ಅಂಗಡಿ ಮುಚ್ಚುವುದು ಲೋಕರೂಢಿ. ಆದರೆ ಅಲ್ಲಿ ಮೂರು ನಾಲ್ಕು ವರ್ಷ ಮಾತಾಡಿದವರ ಒಡನಾಟ ಏನಾಯಿತು? ಅದಕ್ಕೆ ಮೊದಲು ಆರ್ಕುಟ್ 2014ರಲ್ಲಿ ಹೋಯಿತು, ಗೂಗಲ್ ಪ್ಲಸ್ 2019ರಲ್ಲಿ. ಪ್ರತಿ ಸಲವೂ ನಾವು ಗಂಟುಮೂಟೆ ಕಟ್ಟಿಕೊಂಡು ಅದಕ್ಕಿಂತ ದೊಡ್ಡ ಮನೆಯ ಜಗಲಿಗೆ ಹೋಗಿ ಕೂರುತ್ತೇವೆ.

ನಿಮ್ಮ ಮಣಿಪಾಲದ ಹುಡುಗ ಹೇಳುವ ಮಾಸ್ಟೊಡಾನ್ 2016ರದ್ದು. ಯೂಜೆನ್ ರೋಚ್ಕೊ ಎಂಬ ಜರ್ಮನಿಯ ತರುಣ ಬರೆದ ತಂತ್ರಾಂಶ. ಯಾರು ಬೇಕಾದರೂ ಅದನ್ನು ತಮ್ಮ ಸರ್ವರಿಗೆ ಹಾಕಿಕೊಳ್ಳಬಹುದು, ನಿಯಮ ತಮ್ಮದೇ ಇಟ್ಟುಕೊಳ್ಳಬಹುದು. ಒಂದು ಸರ್ವರಿನವರು ಇನ್ನೊಂದರವರ ಜೊತೆ ಮಾತಾಡುವುದಕ್ಕೆ ಆಕ್ಟಿವಿಟಿಪಬ್ ಎಂಬ ಒಪ್ಪಂದ ಇದೆ. 2018ರ ಜನವರಿಯಲ್ಲಿ ವೆಬ್ಬಿನ ಮಾನದಂಡಗಳನ್ನು ನಿರ್ಧರಿಸುವ ಡಬ್ಲ್ಯೂ3ಸಿ ಸಂಸ್ಥೆ ಅದಕ್ಕೆ ಮುದ್ರೆ ಒತ್ತಿತು. ನಿಮ್ಮ ಬಳಗದ ಸರ್ವರಿನಲ್ಲಿ ಇನ್ನೂರೇ ಜನ ಇದ್ದರೂ ಅವರು ಲಕ್ಷಾಂತರ ಜನರಿರುವ ಸರ್ವರಿನವರನ್ನು ಹಿಂಬಾಲಿಸಬಹುದು, ಅವರೂ ನಿಮ್ಮನ್ನು ಹಿಂಬಾಲಿಸಬಹುದು. ಹಾಗಿರುವಾಗ ‘ಜನ ಎಲ್ಲಿ ಹೆಚ್ಚಿದ್ದಾರೆ’ ಎಂಬ ನಿಮ್ಮ ಪ್ರಶ್ನೆಗೆ ಅಲ್ಲಿ ಅರ್ಥವೇ ಇಲ್ಲ. ಇನ್ನೊಂದು ಸಂಗತಿ: ತಂತ್ರಾಂಶದ ಒಡೆತನ ತನ್ನೊಬ್ಬನ ಕೈಯಲ್ಲಿರಬಾರದು, ಲಾಭರಹಿತ ಸಂಸ್ಥೆಯೊಂದಕ್ಕೆ ಹೋಗಬೇಕು ಎಂದು 2025ರ ಜನವರಿಯಲ್ಲಿ ರೋಚ್ಕೊ ಬಳಗವೇ ಪ್ರಕಟಿಸಿತು. ಕುರ್ಚಿ ಬಿಡುವವರನ್ನು ನಾವು ನೋಡುವುದು ಪ್ರಸಂಗಗಳಲ್ಲಿ ಮಾತ್ರ ಎಂದುಕೊಂಡಿದ್ದೆ.

‘2019ರಲ್ಲಿ ಹೋದವರೆಲ್ಲ ವಾಪಸು ಬರಲಿಲ್ಲವಾ’ ಎಂದು ಹುಡುಗರು ಕೇಳುತ್ತಾರೆ, ಗೊತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತು. ಅವರು ಹಾಕಿದ್ದು 1936ರ ಹ್ಯಾಂಬರ್ಗ್ ಹಡಗುಕಟ್ಟೆಯ ಪ್ರಸಿದ್ಧ ಚಿತ್ರ: ಗುಂಪಿಗೆ ಗುಂಪೇ ನಾಜಿ ವಂದನೆಗೆ ಕೈ ಎತ್ತಿದೆ, ಒಬ್ಬ ಮಾತ್ರ ಕೈ ಕಟ್ಟಿ ನಿಂತಿದ್ದಾನೆ. ಹಿಟ್ಲರನಿಗೆ ಕೈ ಎತ್ತದವನ ಚಿತ್ರವನ್ನು ದ್ವೇಷದ ಚಿತ್ರವೆಂದು ಎಣಿಸುವ ಯಂತ್ರಬುದ್ಧಿಗೆ ರೋಸಿ ಭಾರತದಿಂದ ದೊಡ್ಡ ಅಲೆಯೇ ಮಾಸ್ಟೊಡಾನ್‌ಗೆ ಬಂತು. ಹೆಚ್ಚಿನವರು ಕೆಲವೇ ವಾರಗಳಲ್ಲಿ ಹಿಂದೆ ಹೋದದ್ದೂ ನಿಜ. ಯಾಕೆ? ಒಬ್ಬೊಬ್ಬರಾಗಿ ಬಂದಿದ್ದರು. ಪರಿಚಯದವರಿಲ್ಲ, ಹರಟೆಯಿಲ್ಲ. ನೀವು ಹೊರಟಿರುವುದು ಭಾಗವತರು, ಮದ್ದಳೆ, ಚೆಂಡೆ ಸಮೇತ. ಇದು ಬೇರೆ ಲೆಕ್ಕ.

ಯಂತ್ರಬುದ್ಧಿ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಪತ್ರಿಕೆಯ ಪುಟ ಒಂದು ಭಾರೀ ಜಾಲತಾಣದಲ್ಲಿ ಇತ್ತು, ಹೆಸರು ಬೇಡ. ಯಕ್ಷಗಾನ ವಿಶೇಷ ಸಂಚಿಕೆಯ ಮುಖಪುಟಕ್ಕೆಂದು ತೆಗೆದ ಮಹಿಷಾಸುರನ ಪ್ರವೇಶದ ಫೋಟೊ ಹಾಕಿದೆವು. ಕೊಂಬು, ದೊಂದಿ, ರಾಳದ ಬೆಂಕಿ, ಎಲ್ಲ ಚಂದ ಬಂದಿತ್ತು. ಹಿಂಸೆಗೆ ಪ್ರಚೋದನೆ ಎಂದು ಅದನ್ನು ತೆಗೆದುಹಾಕಿದರು. ಮೇಲ್ಮನವಿ ಹಾಕಿದರೆ ಮನುಷ್ಯರು ಓದಿದ ಗುರುತೇ ಇಲ್ಲದ ಉತ್ತರ. ಇನ್ನು ನಿಮ್ಮ ಕಥೆ ಯೋಚಿಸಿ. ದುಶ್ಶಾಸನ ವಧೆಯ ದಿನ ಭೀಮನ ಮಾತಾಡುವ ಅರ್ಥಧಾರಿ ‘ನಿನ್ನ ಎದೆ ಬಗೆದು ನೆತ್ತರು ಕುಡಿಯುತ್ತೇನೆ’ ಎಂದದ್ದನ್ನು ಯಾರೋ ಬರೆದು ಹಾಕಿದರೆ ಕ್ಯಾಲಿಫೋರ್ನಿಯಾದ ಯಂತ್ರಕ್ಕೆ ಅದು ಕೊಲೆಬೆದರಿಕೆ. ಅದರ ಕೆಳಗೆ ಒಬ್ಬ ತುಳುವಿನಲ್ಲಿ ನಿಜವಾಗಿಯೇ ಕಲಾವಿದನೊಬ್ಬನ ಮನೆಯವರನ್ನು ಹೊಲಸಾಗಿ ಬೈದರೆ ಯಂತ್ರಕ್ಕೆ ಅದು ಅರ್ಥವೇ ಆಗುವುದಿಲ್ಲ, ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಕೊಂಕಣಿ, ಬ್ಯಾರಿ, ಕುಂದಗನ್ನಡ ಇವುಗಳದ್ದೂ ಇದೇ ಗತಿ. ಬಳಗ ಬೆಳೆದಷ್ಟೂ ಇಂಥ ಜಗಳ ಬಿಡಿಸುವ ಕೆಲಸ ಬೆಳೆಯುತ್ತದೆ. ಅದನ್ನು ಬಿಡಿಸಬಲ್ಲವರು ಕಾರ್ಕಳದಲ್ಲಿದ್ದಾರೆ, ಹೆಬ್ರಿಯಲ್ಲಿದ್ದಾರೆ, ಸಾನ್‌ಫ್ರಾನ್ಸಿಸ್ಕೊದಲ್ಲಿಲ್ಲ. ನಿಮ್ಮ ಸರ್ವರಿನಲ್ಲಿ ನಿಯಮ ಬರೆಯುವವರು ನೀವೇ. ಪಕ್ಕದ ಸರ್ವರು ಬರೀ ಪುಂಡರದ್ದಾದರೆ ಆ ಸರ್ವರಿನ ಸಂಪರ್ಕವನ್ನೇ ಕಡಿದುಹಾಕಬಹುದು. 2019ರಲ್ಲಿ ಗ್ಯಾಬ್ ಎಂಬ ತೀವ್ರ ಬಲಪಂಥದ ತಾಣ ಮಾಸ್ಟೊಡಾನ್ ತಂತ್ರಾಂಶಕ್ಕೆ ಬದಲಾದಾಗ ಎಷ್ಟೋ ಸರ್ವರುಗಳು ಹಾಗೆಯೇ ಮಾಡಿದವು. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಸಣ್ಣ ಸರ್ವರುಗಳು ಸಾಯುತ್ತವೆ ಎನ್ನುವುದು ಸುಳ್ಳಲ್ಲ. ನಡೆಸುವವನಿಗೆ ಬೇಸರ ಬಂದರೆ ಮುಗಿಯಿತು. ಎಲಾನ್ ಮಸ್ಕ್ ಟ್ವಿಟರ್ ಕೊಂಡ ಮೇಲೆ, 2022ರ ನವೆಂಬರ್‌ನಲ್ಲಿ, ಮಾಸ್ಟೊಡಾನ್‌ಗೆ ಜನಪ್ರವಾಹ ಬಂದಾಗ ಅನೇಕರು ನೀರು ಕುಡಿದರು. ಹ್ಯಾಕಿಡರ್ಮ್ ಎಂಬ ಸರ್ವರ್ ಕ್ರಿಸ್ ನೋವಾ ಎಂಬ ತಂತ್ರಜ್ಞೆಯ ಮನೆಯ ನೆಲಮಾಳಿಗೆಯ ಯಂತ್ರಗಳಲ್ಲಿ ನಡೆಯುತ್ತಿತ್ತು. ಸಾವಿರದೊಳಗೆ ಇದ್ದ ಸಂಖ್ಯೆ ಒಂದು ತಿಂಗಳಲ್ಲಿ 30,000ದ ಹತ್ತಿರ ಬಂತು. ಡಿಸ್ಕುಗಳು ಸೋತವು, ಪೋಸ್ಟುಗಳು ಸಾಲಿನಲ್ಲಿ ಕಾದವು. ಸ್ವಯಂಸೇವಕರು ಸರ್ವರನ್ನು ಹೊಸ ಜಾಗಕ್ಕೆ ಸಾಗಿಸಿದರು. ಆಮೇಲೆ ಅದನ್ನು ನಡೆಸಲು ಲಾಭರಹಿತ ಸಂಸ್ಥೆ ಕಟ್ಟಿದರು. ನೋವಾ 2023ರಲ್ಲಿ ತೀರಿಕೊಂಡರು, ಸರ್ವರ್ ಉಳಿದಿದೆ. ಇದು ನಡೆದದ್ದು ಒಡೆಯನಿಲ್ಲದೆ, ಹೂಡಿಕೆದಾರನಿಲ್ಲದೆ.

ನಿಮ್ಮ ಸರ್ವರಿಗೆ ಹಾಗೆ ನುಗ್ಗುವವರು ಬರಲಿಕ್ಕಿಲ್ಲ. ಬಂದರೂ ಒಂದನ್ನೇ ಊದಿಸಬೇಡಿ. ಕಟೀಲು ದೇವಸ್ಥಾನದಲ್ಲಿ ಹರಕೆಯ ಯಕ್ಷಗಾನ ಆಟಕ್ಕೆ ಬೇಡಿಕೆ ಏರಿದಾಗ ಒಂದೇ ಮೇಳಕ್ಕೆ ಐನೂರು ಕಲಾವಿದರನ್ನು ತುಂಬಲಿಲ್ಲ, ಒಂದು ಮೇಳ ಎರಡಾಯಿತು, ಮೂರಾಯಿತು, ಹಾಗೇ ಬೆಳೆಯಿತು. ದೇವಿ ಒಬ್ಬಳೇ, ಚೌಕಿ (ವೇಷ ಕಟ್ಟುವ ಜಾಗ) ಬೇರೆ ಬೇರೆ. ಮುಂಬೈಯವರದ್ದೊಂದು ಸರ್ವರ್, ಕೊಲ್ಲಿಯವರದ್ದೊಂದು, ಊರಿನದ್ದೊಂದು. ಮಾತುಕತೆ ಎಲ್ಲರ ನಡುವೆ.

ಇಲ್ಲಿಗೆ ಬಂದ ಮೇಲೆ ಸಹಕಾರದ ನನ್ನ ಹಳೆಯ ರಾಗ ತೆಗೆಯದಿರಲು ಆಗುವುದಿಲ್ಲ. ಈ ಪತ್ರಿಕೆಯನ್ನು ಓದುತ್ತಾ ಬಂದವರು ನಗಬಹುದು. ಸೋಶಿಯಲ್ ಡಾಟ್ ಕೋಪ್ ಎಂಬ ಮಾಸ್ಟೊಡಾನ್ ಸರ್ವರ್ ಇದೆ, ಅದು ಸದಸ್ಯರೇ ಹಣ ಹಾಕಿ, ಸದಸ್ಯರೇ ಮತ ಹಾಕಿ ನಡೆಸುವ ಸಹಕಾರಿ. ಇದನ್ನು ಓದಿದಾಗ ನನಗೆ ಹೊಸತೇನೂ ಅನಿಸಲಿಲ್ಲ. ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿ ಸಹಕಾರಿ ಸಂಘ ಕಟ್ಟಿ ಮಾಡಿದ್ದು ಇದನ್ನೇ ಅಲ್ಲವೇ? ಅಡಿಕೆ ಧಾರಣೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಸೇರಿಸಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಕಟ್ಟಿದ್ದು ಇದೇ ಬುದ್ಧಿಯಿಂದ. ದೊಡ್ಡ ವ್ಯಾಪಾರಿಯ ದಯೆ ಬೇಡ, ನಮ್ಮ ತಕ್ಕಡಿ ನಮ್ಮ ಕೈಯಲ್ಲಿರಲಿ ಎಂದು. ಇಂಥ ಜಿಲ್ಲೆಯವರು ನಾವು, ಸರ್ವರ್ ಎಂದೊಡನೆ ಹೆದರುತ್ತೇವೆ!

ಬ್ಯಾಂಕುಗಳ ಕಥೆಯೂ ನಿಮಗೆ ಗೊತ್ತಿದ್ದದ್ದೇ. ಕೆನರಾ ಬ್ಯಾಂಕು ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಉಡುಪಿಯಲ್ಲಿ, ಎರಡೂ 1906ರಲ್ಲಿ. ಕರ್ಣಾಟಕ ಬ್ಯಾಂಕು 1924, ಸಿಂಡಿಕೇಟ್ 1925, ವಿಜಯಾ 1931. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಂಡರು. ವಿಜಯಾ 2019ರ ಏಪ್ರಿಲ್ 1ರಂದು ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ನಿನೊಳಗೆ. ದೊಡ್ಡದಾದರೆ ಗಟ್ಟಿಯಾಗುತ್ತದೆ ಎಂದು ದಿಲ್ಲಿಯವರು ಹೇಳಿದರು. ಇರಬಹುದು. ನನ್ನ ಖಾತೆ ಇರುವ ಶಾಖೆಯಲ್ಲಿ (ಯಾವುದೆಂದು ಕೇಳಬೇಡಿ) ಈಗ ಮೀನು ಮಾರುವ ಬಾಯಮ್ಮ ತುಳುವಿನಲ್ಲಿ ಬಡ್ಡಿ ಕೇಳಿದರೆ, ಕೌಂಟರಿನ ಹುಡುಗ ಗೋಡೆಗೆ ಅಂಟಿಸಿದ ಟೋಲ್ ಫ್ರೀ ನಂಬರು ತೋರಿಸುತ್ತಾನೆ. ಹುಡುಗನ ತಪ್ಪಲ್ಲ ಅದು, ಅವನ ಊರು ಇಲ್ಲಿಂದ ಎರಡು ದಿನದ ರೈಲುದಾರಿ. ಕಟ್ಟಿದ್ದು ನಾವು, ಕೊಟ್ಟುಬಿಟ್ಟದ್ದೂ ನಾವೇ. ಮಾತಿನ ಜಗಲಿಯನ್ನೂ ಹಾಗೆಯೇ ಕೊಡಬೇಕಾ? ಇಷ್ಟಕ್ಕೆ ನಿಲ್ಲಿಸುತ್ತೇನೆ, ರಕ್ತದೊತ್ತಡದ ಮಾತ್ರೆ ಬೇರೆ ತೆಗೆದುಕೊಳ್ಳಬೇಕು.

ಈಗ ಕೆಲಸದ ಮಾತು. ಮೊದಲ ದಿನವೇ ಸ್ವಂತ ಸರ್ವರಿಗೆ ಇಳಿಯಬೇಡಿ. ಆರು ತಿಂಗಳು ಸದಸ್ಯರ ಹಣದಿಂದ ನಡೆಯುವ ಯಾವುದಾದರೂ ಮಧ್ಯಮ ಗಾತ್ರದ ಸರ್ವರಿನಲ್ಲಿ ಇದ್ದು ನೋಡಿ. ಅಲ್ಲಿಯ ನಿಯಮ ಓದಿ, ಬ್ಯಾಕಪ್ ಇಡುತ್ತಾರೋ ಕೇಳಿ, ಬಾಗಿಲು ಹಾಕುವುದಾದರೆ ಮೂರು ತಿಂಗಳು ಮೊದಲು ತಿಳಿಸುತ್ತಾರೋ ನೋಡಿ. ಆಮೇಲೆ ಡೊಮೇನ್ ಕೊಳ್ಳಿ. ಒಬ್ಬರ ಹೆಸರಿನಲ್ಲಿ ಬೇಡ, ನೋಂದಾಯಿತ ಸಂಘದ ಹೆಸರಿನಲ್ಲಿ. ಹುಡುಗ ಕೋರ್ಸು ಮುಗಿಸಿ ಬೆಂಗಳೂರಿಗೆ ಹೋಗುವವನು, ಪಾಸ್‌ವರ್ಡು ಇನ್ನೂ ಇಬ್ಬರಿಗಾದರೂ ಗೊತ್ತಿರಲಿ. ಬಾಡಿಗೆಯ ಸರ್ವರಿಗೆ ತಿಂಗಳಿಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ನಿಮ್ಮ ಎರಡು ಸಾವಿರ ಜನರಲ್ಲಿ ಕಾಲು ಭಾಗ ವರ್ಷಕ್ಕೆ ನೂರು ಕೊಟ್ಟರೂ ಐವತ್ತು ಸಾವಿರವಾಯಿತು. ಜಾಗ ತಿನ್ನುವುದು ಬರಹವಲ್ಲ, ಚಿತ್ರ ಮತ್ತು ವಿಡಿಯೊ. ಬೇರೆ ಸರ್ವರುಗಳಿಂದ ಬಂದ ಚಿತ್ರಗಳ ಪ್ರತಿಯೂ ನಿಮ್ಮಲ್ಲಿ ಬಂದು ಕೂರುತ್ತದೆ, ಆಗಾಗ ಗುಡಿಸಬೇಕು. ಹಿರಿಯ ಅರ್ಥಧಾರಿ ಶೇಣಿಯವರ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಸರ್ವರಿಗೆ ಏರಿಸಿ ಕೈತೊಳೆದುಕೊಳ್ಳಬೇಡಿ, ಮೂಲಪ್ರತಿ ಬೇರೆ ಎರಡು ಕಡೆ ಇರಲಿ. ವಿಡಿಯೊಗೆ ಬೇಕಾದರೆ ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಸ್ಥೆಯ ಪೀರ್‌ಟ್ಯೂಬ್ ಇದೆ, ಅದೂ ಆಕ್ಟಿವಿಟಿಪಬ್ ಒಪ್ಪಂದದಲ್ಲೇ ಮಾತಾಡುತ್ತದೆ. ಖಾಸಗಿ ಸಂದೇಶವೆಂದು ಕಳಿಸಿದ್ದನ್ನು ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು, ಇದನ್ನು ಸದಸ್ಯರಿಗೆ ಮೊದಲೇ ಹೇಳಿಬಿಡಿ.

ಕಾನೂನಿನ ವಿಷಯವೂ ಉಂಟು. 2021ರ ಐಟಿ ನಿಯಮಗಳ ಪ್ರಕಾರ ದೂರು ಸ್ವೀಕರಿಸುವ ಅಧಿಕಾರಿಯ ಹೆಸರು, ಸಂಪರ್ಕ ತಾಣದಲ್ಲಿ ಪ್ರಕಟವಾಗಬೇಕು. ನಿಗದಿತ ಅವಧಿಯೊಳಗೆ ದೂರಿಗೆ ಉತ್ತರ ಕೊಡಬೇಕು. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವವರಿಗೆ ಇರುವ ಹೆಚ್ಚಿನ ಕಟ್ಟುಪಾಡು ನಿಮಗೆ ಬಾರದು. ದೂರು ಸ್ವೀಕರಿಸುವ ಹುದ್ದೆಗೆ ನಿವೃತ್ತ ಹೈಸ್ಕೂಲು ಹೆಡ್‌ಮಾಸ್ಟರು ಯಾರಾದರೂ ಸಿಕ್ಕಿದರೆ ಬಿಡಬೇಡಿ, ಎರಡೂ ಕಡೆಯವರನ್ನು ಕೂರಿಸಿ ಗದರುವ ಅಭ್ಯಾಸ ಅವರಿಗೆ ಇರುತ್ತದೆ.

ಹುಡುಗರಿಗೆ ಬ್ಲೂಸ್ಕೈ ಬೇಕೇಬೇಕೆಂದಿದ್ದರೆ ಅಲ್ಲೂ ಒಂದು ಖಾತೆ ಇಟ್ಟುಕೊಳ್ಳಲಿ, ಕಾರ್ಯಕ್ರಮದ ಕರಪತ್ರ ಹಂಚುವುದಕ್ಕೆ. ಸರ್ವರ್ ಶುರುವಾದ ದಿನ ಪತ್ರಿಕೆಗೆ ತಿಳಿಸಿ. ನೂರು ರೂಪಾಯಿ ಕೊಡುವ ಸದಸ್ಯರ ಪಟ್ಟಿಯಲ್ಲಿ ನನ್ನ ಹೆಸರೂ ಇರಲಿ, ರಶೀದಿ ಕಳಿಸಲು ಮರೆಯಬೇಡಿ.