ಎಲ್ಲರೂ ಕಾಯುವ ಬಾಕ್ಸಿಂಗ್ ಚಾಂಪಿಯನ್‌ಶಿಪ್ ಪಂದ್ಯಗಳು ನಡೆಯದೇ ಹೋಗುವುದು ಯಾಕೆ?

ಇಬ್ಬರನ್ನೂ ಕರೆದು "ಆಡಲೇಬೇಕು" ಎನ್ನುವ ಯಜಮಾನ ಬಾಕ್ಸಿಂಗಿನಲ್ಲಿ ಇಲ್ಲ, ಅದಕ್ಕೆ. ನಮ್ಮ ವಾಂಖೆಡೆಯಲ್ಲಿ ಮ್ಯಾಚ್ ಇಡುವಾಗ ಕ್ಯಾಪ್ಟನ್ ಒಪ್ಪಿಗೆ ಯಾರೂ ಕೇಳುವುದಿಲ್ಲ, ಅಲ್ವಾ? ಬಾಕ್ಸರ್‌ಗೆ ಹಾಗಲ್ಲ. ಅವನಿಗೆ ಅವನದೇ ಪ್ರಮೋಟರ್, ಅಂದರೆ ದುಡ್ಡು ಹಾಕಿ ಪಂದ್ಯ ಏರ್ಪಡಿಸುವವನು. ಟಿವಿ ಒಪ್ಪಂದವೂ ಬೇರೆ. ಎದುರಾಳಿಯದೂ ಇದೇ ಕಥೆ.

ಅದಕ್ಕಿಂತ ದೊಡ್ಡದು ಸೋಲಿನ ಲೆಕ್ಕ. ಸೋಲದ ಚಾಂಪಿಯನ್‌ಗೆ ಸುಲಭದ ಎದುರಾಳಿ ಜೊತೆ ಆಡಿದರೂ ಒಳ್ಳೇ ದುಡ್ಡು. ಒಮ್ಮೆ ಸೋತರೆ ಬೆಲೆ ಇಳಿಯುತ್ತದೆ. ಹಾಗಾಗಿ ಕಾಯುವುದೇ ಲಾಭ.

ಅಮೆರಿಕದ ಮೇವೆದರ್ ಮತ್ತು ಫಿಲಿಪ್ಪೀನ್ಸ್‌ನ ಪಾಕಿಯಾವೊ, ಆ ಕಾಲದ ಇಬ್ಬರು ದೊಡ್ಡ ಬಾಕ್ಸರ್‌ಗಳು. ಇವರ ಪಂದ್ಯದ ಮಾತುಕತೆ 2009ರ ಕೊನೆಯಲ್ಲೇ ನಡೆದಿತ್ತು. ಉದ್ದೀಪನ ಮದ್ದು ಪತ್ತೆಗೆ ರಕ್ತ ಪರೀಕ್ಷೆ ಯಾವಾಗ, ಹೇಗೆ ಎಂಬ ಜಗಳದಲ್ಲಿ ಮುರಿದು ಬಿತ್ತು. ಆಮೇಲೆ ಟಿವಿ ಚಾನೆಲ್ ತೊಡಕು: ಮೇವೆದರ್ ಶೋಟೈಮ್ ಜೊತೆ, ಪಾಕಿಯಾವೊ ಎಚ್‌ಬಿಒ ಜೊತೆ. ಕೊನೆಗೆ ಆಡಿದ್ದು 2015ರ ಮೇ 2ರಂದು, ಮುಂಬೈಯಲ್ಲಿ ಆಗ ಭಾನುವಾರ ಬೆಳಗಿನ ತಿಂಡಿ ಹೊತ್ತು. ಅಷ್ಟರಲ್ಲಿ ಮೇವೆದರ್‌ಗೆ 38 ವರ್ಷ, ಪಾಕಿಯಾವೊಗೆ 36. ನನ್ನ ಪ್ರಕಾರ ಪಂದ್ಯ ಸಪ್ಪೆ.

ಇದರ ಜೊತೆಗೆ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಕೊಡುವ ಪ್ರಮುಖ ಸಂಸ್ಥೆಗಳೇ ನಾಲ್ಕು, ಪ್ರತಿಯೊಂದಕ್ಕೂ ಅದರದೇ ಕಡ್ಡಾಯ ಎದುರಾಳಿ, ಅಂದರೆ ಚಾಂಪಿಯನ್ ಆಡಲೇಬೇಕಾದವನು. ಹಳೇ ಕರಾರೂ ಅಡ್ಡ ಬರುತ್ತದೆ: 2021ರಲ್ಲಿ ಬ್ರಿಟನ್ನಿನ ಹೆವಿವೇಟ್ ಬಾಕ್ಸರ್‌ಗಳಾದ ಫ್ಯೂರಿ–ಜೋಶುವಾ ಪಂದ್ಯ ಹೆಚ್ಚುಕಮ್ಮಿ ಕುದುರಿತ್ತು, ಆದರೆ ಹಳೇ ಕರಾರಿನಂತೆ ಫ್ಯೂರಿ ಮೊದಲು ಅಮೆರಿಕದ ವೈಲ್ಡರ್ ಜೊತೆ ಆಡಬೇಕೆಂದು ಮಧ್ಯಸ್ಥಗಾರರು ತೀರ್ಪು ಕೊಟ್ಟರು.