ಅಡ್ಡಹೆಸರಿಗೆ ಎಷ್ಟು ಕೊಡಬೇಕು?

ಅಮೆರಿಕದಲ್ಲಿ ನೆಲೆಸಿರುವ ಓದುಗರೊಬ್ಬರ ಪ್ರಶ್ನೆ: "1941ರ ‘ಬ್ಲ್ಯಾಕ್ ವಿಡೋ’ (ಕಪ್ಪು ವಿಧವೆ) ಲೂಗರ್ ಪಿಸ್ತೂಲು ಒಂದು ಮಾರಾಟಕ್ಕಿದೆ. ಅದೇ ವರ್ಷದ ಮಾಮೂಲಿ ಲೂಗರ್‌ಗಿಂತ ಬಹಳ ಹೆಚ್ಚು ಕೇಳುತ್ತಿದ್ದಾರೆ. ಕೊಡಬಹುದೇ? ‘ರೆಡ್ ನೈನ್’ (ಕೆಂಪು ಒಂಬತ್ತು) ಮೌಸರ್ ಪಿಸ್ತೂಲಿನ ಕಥೆಯೂ ಇಷ್ಟೆಯೇ?"

ಸಂಪಾದಕರ ಉತ್ತರ: ಹೆಸರಿಗಾಗಿ ಹೆಚ್ಚು ಕೊಡಬೇಡಿ. ‘ಬ್ಲ್ಯಾಕ್ ವಿಡೋ’ ಅನ್ನುವ ಮಾದರಿಯನ್ನು ಆಗ ಲೂಗರ್ ತಯಾರಿಸುತ್ತಿದ್ದ ಜರ್ಮನಿಯ ಮೌಸರ್ ಕಾರ್ಖಾನೆ ತಯಾರಿಸಲೇ ಇಲ್ಲ. ಅದು ಎರಡನೇ ಮಹಾಯುದ್ಧದ ನಂತರ ಅಮೆರಿಕದ ಮಾರಾಟದ ಪೇಟೆಯಲ್ಲಿ ಹುಟ್ಟಿದ ಹೆಸರು. ಮೌಸರ್‌ನ ಯುದ್ಧಕಾಲದ ಗುರುತಾದ ‘ಬಿವೈಎಫ್’ ಸಂಕೇತದ, 41 ಅಥವಾ 42 ಇಸವಿಯ ಪಿ08ಗಳಲ್ಲಿ (ಲೂಗರ್‌ನ ಸೇನಾ ಹೆಸರು) ಕೆಲವಕ್ಕೆ ಅಕ್ರೋಟು ಮರದ ಹಿಡಿಪಟ್ಟಿಯ ಬದಲು ಕಪ್ಪು ಬೇಕಲೈಟ್ (ಹಳೆಯ ಬಗೆಯ ಪ್ಲಾಸ್ಟಿಕ್) ಹಾಕಿದರು, ವ್ಯತ್ಯಾಸ ಅಷ್ಟೇ. ಮರದ ಹಿಡಿಯದ್ದೂ ಅಷ್ಟೇ ಅಸಲಿ.

ತೊಂದರೆ ಇರುವುದೂ ಇಲ್ಲಿಯೇ. ಪ್ರತಿ ಹಿಡಿಪಟ್ಟಿಯನ್ನು ಹಿಡಿದಿರುವುದು ಒಂದೇ ಸ್ಕ್ರೂ, ಹೊಸದಾಗಿ ಮಾಡಿದ ಕಪ್ಪು ಪಟ್ಟಿಗಳೂ ಸಿಗುತ್ತವೆ. ಐದು ನಿಮಿಷದಲ್ಲಿ ಯಾವ ಲೂಗರ್ ಬೇಕಾದರೂ ‘ವಿಧವೆ’ಯಾಗುತ್ತದೆ! ಆದ್ದರಿಂದ ಹಿಡಿಯನ್ನು ಮರೆತು ಲೋಹ ನೋಡಿ. ಮೊದಲು ಮ್ಯಾಗಝೀನ್ ತೆಗೆದು, ಚೇಂಬರ್ ಖಾಲಿಯೆಂದು ಖಚಿತಪಡಿಸಿಕೊಳ್ಳಿ. ಟ್ರಿಗರ್, ಸೈಡ್‌ಪ್ಲೇಟ್, ಟಾಗಲ್‌ನಂಥ ಬಿಡಿಭಾಗಗಳ ಮೇಲಿನ ಎರಡಂಕಿ, ಪಿಸ್ತೂಲಿನ ಕ್ರಮಸಂಖ್ಯೆಯ ಕೊನೆಯ ಎರಡಂಕಿಗೆ ಹೊಂದಬೇಕು. ಟ್ರಿಗರ್, ಸೇಫ್ಟಿ ಮೊದಲಾದವು ಒಣಹುಲ್ಲಿನ ಬಣ್ಣಕ್ಕಿದ್ದರೆ ಅನುಮಾನಿಸಿ: 1937ರಲ್ಲೇ ಮೌಸರ್ ಆ ಬಣ್ಣ ಬಿಟ್ಟು ಎಲ್ಲವನ್ನೂ ನೀಲಿಗಪ್ಪು ಮಾಡತೊಡಗಿತ್ತು. ಅಂಕಿಗಳು ಹೊಂದಿ, ಮೂಲ ಬಣ್ಣ ಉಳಿದಿದ್ದರೆ ಆ ಗುಣಕ್ಕೆ ಬೆಲೆ ಕೊಡಿ.

‘ರೆಡ್ ನೈನ್’ ವಿಚಾರ ಬೇರೆ. ಆ ಹೆಸರಿನ ಹಿಂದೆ ನಿಜವಾದ ಗುತ್ತಿಗೆಯಿದೆ: 1916ರಲ್ಲಿ ಜರ್ಮನ್ ಸೇನೆ 9 ಮಿ.ಮೀ. ಗುಂಡಿನ 1,50,000 ಮೌಸರ್ ಸಿ96 ಮಾದರಿಯ ಪಿಸ್ತೂಲುಗಳನ್ನು ಕೇಳಿತ್ತು. ಉಳಿದ ಸಿ96ಗಳು 7.63ರವಾದ್ದರಿಂದ ಗುಂಡು ಅದಲುಬದಲಾಗದಿರಲೆಂದು ಹಿಡಿಯಲ್ಲಿ 9 ಕೆತ್ತಿ ಕೆಂಪು ತುಂಬಿದರು. ಆದರೆ ಗುರುತು ಮತ್ತೆ ಕೂತಿರುವುದು ಹಿಡಿಯ ಮೇಲೇ. ಯಾರು ಬೇಕಾದರೂ ಕೆತ್ತಬಹುದು. ಹಿಡಿ ಬದಲಾಗಿ 9 ಕಳೆದುಕೊಂಡ ಅಸಲಿಯೂ ಇರಬಹುದು. ನಳಿಕೆ ಅಳೆದರೂ ಸಾಲದು, ಏಕೆಂದರೆ ಸವೆದ 7.63 ನಳಿಕೆಗಳನ್ನು ಆಮೇಲೆ 9ಕ್ಕೆ ಕೊರೆದದ್ದುಂಟು. ಹಿಂಗುರಿಯ (ಗುರಿಯಿಡಲು ನೋಡುವ ಹಿಂಬದಿಯ ಪಟ್ಟಿ) ಅಳತೆ 500 ಮೀಟರಿಗೆ ನಿಂತಿದೆಯೇ ನೋಡಿ. ಮಾರುಕಟ್ಟೆಯ ಮಾದರಿಗಳಲ್ಲಿ ಸಾಮಾನ್ಯವಾಗಿ 1000ದವರೆಗೆ ಇರುತ್ತದೆ. ಮ್ಯಾಗಝೀನ್ ಕೋಶದ ಮುಂಭಾಗದಲ್ಲಿ ಸೇನೆಯ ಹದ್ದಿನ ಮುದ್ರೆಯೂ ಇರಬೇಕು.

ಒಂದು ಎಚ್ಚರಿಕೆ. ಮೊದಲ ಮಹಾಯುದ್ಧದ ನಂತರ ನಳಿಕೆ ಮೊಟಕುಗೊಳಿಸಿದ ರೆಡ್ ನೈನ್‌ಗಳನ್ನು ‘ಬೋಲೊ’ (ಸಿ96ರದ್ದೇ ಚಿಕ್ಕ ಮಾದರಿ) ಎಂದು ಮಾರುವವರಿದ್ದಾರೆ. ಎರಡರ ನಳಿಕೆಯೂ ಸುಮಾರು 99 ಮಿ.ಮೀ., ಆದರೆ ಬೋಲೊದ ಹಿಡಿಯೇ ಚಿಕ್ಕದು. ಪೂರ್ಣ ಗಾತ್ರದ ಹಿಡಿಯಿದ್ದು 1920 ಎಂಬ ಇಸವಿ ಒತ್ತಿದ್ದರೆ ಅದು ಮರುಜೋಡಣೆಯ ಪಿಸ್ತೂಲು. ಅದನ್ನು ಹಾಗೆಂದೇ ಹೇಳಿ ಮಾರುವವರಾದರೆ ಕೊಳ್ಳಲು ಅಡ್ಡಿಯಿಲ್ಲ.