ಗೋಲ್ ಕಾಣುವ ಮೊದಲೇ ಗ್ರೂಪ್‌ನಲ್ಲಿ ಕೂಗಾಟ

ಮೊಬೈಲ್‌ನಲ್ಲಿ ಗೋಲ್ ಕಾಣುವ ಮೊದಲೇ ಗೆಳೆಯರ ಮೆಸೇಜ್ ಬರುವುದಕ್ಕೆ ಕಾರಣ ಬಹುಶಃ ನಿಮ್ಮ ನೆಟ್ ಅಲ್ಲ, ಸ್ಟ್ರೀಮಿಂಗ್ ಇರುವುದೇ ಹಾಗೆ. ವಿಡಿಯೊ ಸಣ್ಣ ಸಣ್ಣ ತುಂಡುಗಳಾಗಿ ಬರುತ್ತದೆ. ಆ್ಯಪ್ ಒಂದಷ್ಟು ತುಂಡು ಕೂಡಿಟ್ಟುಕೊಂಡೇ ತೋರಿಸುತ್ತದೆ. ಟಿವಿಯಲ್ಲಿ ನೋಡುವವರಿಗಿಂತ ಅರ್ಧ ನಿಮಿಷ ಹಿಂದೆ ಬಿದ್ದರೂ ಆಶ್ಚರ್ಯವಿಲ್ಲ.

ಮೊದಲು ಪ್ಲೇಯರ್‌ನಲ್ಲಿ ‘ಲೈವ್’ ಬಟನ್ ಒತ್ತಿ. ನಡುವೆ ಒಮ್ಮೆ ವಿಡಿಯೊ ನಿಲ್ಲಿಸಿದ್ದರೆ ಆ ತಡ ಹಾಗೇ ಉಳಿದಿರುತ್ತದೆ. ಆಗಲಿಲ್ಲವೆಂದರೆ ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ಎಷ್ಟು ಸೆಕೆಂಡು ತಡ ಕಡಿಮೆಯಾಗುತ್ತದೋ ಖಚಿತವಾಗಿ ಹೇಳಲಾರೆ, ಒಂದೊಂದು ಆ್ಯಪ್‌ಗೆ ಒಂದೊಂದು ಲೆಕ್ಕ.

ತಡ ಪೂರ್ತಿ ಹೋಗುವುದಂತೂ ಇಲ್ಲ. ಹಾಗಾಗಿ ವಾಟ್ಸ್ಆ್ಯಪ್ ಗ್ರೂಪನ್ನು 8 ಗಂಟೆ ಮ್ಯೂಟ್ ಮಾಡಿ. ಸ್ಕೋರ್ ಆ್ಯಪ್‌ನ ಗೋಲ್ ಅಲರ್ಟನ್ನೂ ಆಫ್ ಮಾಡಿ (ಇದನ್ನೇ ಮರೆಯುವವರು ಜಾಸ್ತಿ). ಚಾಟ್ ಬೇಕೇ ಬೇಕು ಅಂದರೆ, ನೀವು ಪಂದ್ಯ ನೋಡುವ ಆ್ಯಪ್‌ನಲ್ಲೇ ನೋಡುವವರಷ್ಟೇ ಇರುವ ಬೇರೆ ಗ್ರೂಪ್ ಮಾಡಿಕೊಳ್ಳಿ.